ಆರೋಗ್ಯವಂತರ ಸಾಲು

ತನ್ನ ಕೆಲಸ ಏನೆಂದು ಅಣ್ಣನಿಗೆ ವಿವರಿಸುವ ಪ್ರಯತ್ನವನ್ನು ತಂಗಿ ಎಂದೋ ಕೈಬಿಟ್ಟಿದ್ದಳು. ಯಾರಾದರೂ ಕೇಳಿದರೆ ಅವಳು ಬಾಯಿ ತೆರೆಯುವ ಮೊದಲೇ ಅಣ್ಣ ಹೇಳಿಬಿಡುತ್ತಿದ್ದ. "ಓದಿದ್ದೇ ಓದಿದ್ದು, ಡಾಕ್ಟರೇಟ್ ಬೇರೆ. ಈಗ ನೋಡಿದ್ರೆ ತಟ್ಟೆ ತೊಳೆಯೋ ಕೆಲಸ. ಮನೇಲಿ ಒಂದು ಲೋಟ ತೊಳೆದವಳಲ್ಲ, ಅಲ್ಲಿ ಹೋಗಿ ಕೈಗವಸು ಹಾಕ್ಕೊಂಡು ತೊಳೀತಾಳೆ." ಕೇಳಿದವರು ನಗುತ್ತಿದ್ದರು, ತಂಗಿ ಮುಖ ಸಿಂಡರಿಸುತ್ತಿದ್ದಳು, ಅತ್ತಿಗೆ "ಶುರುವಾಯ್ತು ಇವರದು" ಎಂದು ಒಳಗೆ ಎದ್ದು ಹೋಗುತ್ತಿದ್ದಳು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ ಅಣ್ಣ ಮೈಯೆಲ್ಲ ಗ್ರೀಸು ಮಾಡಿಕೊಂಡು ದುಡಿದು ಓದಿಸಿದ ತಂಗಿ ಅವಳು. ಹಾಗಾಗಿ ಅವಳನ್ನು ಆಡಿಕೊಳ್ಳುವ ಹಕ್ಕು ತನಗೊಬ್ಬನಿಗೇ ಇದೆ ಎಂದು ಅವನು ತಿಳಿದಿದ್ದ. ಬೇರೆ ಯಾರಾದರೂ ಅದೇ ತಮಾಷೆ ಮಾಡಿದರೆ ಅವನ ಹುಬ್ಬು ಗಂಟಿಕ್ಕುತ್ತಿತ್ತು.

ಅವನು ಹೇಳುತ್ತಿದ್ದುದು ಪೂರ್ತಿ ಸುಳ್ಳೂ ಅಲ್ಲ. ಅವಳ ತಟ್ಟೆ ಅಂಗೈಯಗಲದ ಉಕ್ಕಿನ ಹಲಗೆ. ಅದರ ಮೇಲೆ ಸಾಲುಸಾಲಾಗಿ ಚಿನ್ನದ ಲೇಪದ ಪುಟ್ಟ ಚುಕ್ಕೆಗಳು. ಮೊದಲು ಆ ಚುಕ್ಕೆಗಳನ್ನು ಕೊಳೆಯ ಸುಳಿವೂ ಉಳಿಯದಂತೆ ತೊಳೆಯಬೇಕು. ತಲೆಹೊಟ್ಟಿನ ಒಂದು ಚೂರು ಬಿದ್ದರೂ ಇಡೀ ದಿನದ ಕೆಲಸ ನೀರುಪಾಲು. ಆಮೇಲೆ ಚುಕ್ಕೆಗಳ ಮೇಲೆ ಪ್ರತಿಕಾಯಗಳನ್ನು ಕೂರಿಸಬೇಕು. ರಕ್ತದಲ್ಲಿರುವ ಸಾವಿರಾರು ಬಗೆಯ ಅಣುಗಳಲ್ಲಿ ತನಗೆ ಬೇಕಾದ ಒಂದನ್ನೇ ಗುರುತಿಸಿ ಹಿಡಿದುಕೊಳ್ಳುವುದು ಪ್ರತಿಕಾಯದ ಗುಣ. ಪ್ರತಿಕಾಯಗಳ ನಡುವೆ ಉಳಿದ ಖಾಲಿ ಜಾಗಕ್ಕೆ ಯಾರ ತಂಟೆಗೂ ಹೋಗದ ಇನ್ನೊಂದು ಪ್ರೋಟೀನನ್ನು ತುಂಬಬೇಕು. ಬಸ್ಸಿನ ಖಾಲಿ ಸೀಟಿನ ಮೇಲೆ ಚೀಲ ಇಟ್ಟು ಜಾಗ ಹಿಡಿದ ಹಾಗೆ ಎಂದು ಅವಳೊಮ್ಮೆ ಅಣ್ಣನಿಗೆ ಹೇಳಿದ್ದಳು. ಹಾಗೆ ಮಾಡದಿದ್ದರೆ ಕಂಡಕಂಡದ್ದೆಲ್ಲ ಬಂದು ಅಲ್ಲಿ ಅಂಟಿಕೊಂಡು ಕೂರುತ್ತದೆ.

ಇಷ್ಟಾದ ಮೇಲೆ ಒಂದೊಂದು ಚುಕ್ಕೆಗೆ ಒಬ್ಬೊಬ್ಬರ ರಕ್ತದ ತಿಳಿ, ಒಂದು ಹನಿ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ತೊಳೆಯಬೇಕು. ಹೀಗೆ ತಯಾರಾದ ತಟ್ಟೆ ಮಾಸ್ ಸ್ಪೆಕ್ಟ್ರೋಮೀಟರಿನ ಹೊಟ್ಟೆಗೆ ಹೋಗುತ್ತದೆ. ಅಲ್ಲಿ ಲೇಸರ್ ಬಡಿದಾಗ ಚುಕ್ಕೆ ಹಿಡಿದಿಟ್ಟುಕೊಂಡ ಅಣು ಚಿಮ್ಮುತ್ತದೆ, ಮಷೀನು ಅದರ ತೂಕ ಹೇಳುತ್ತದೆ, ಪರದೆಯ ಮೇಲೆ ಆ ತೂಕದ ಜಾಗದಲ್ಲಿ ಒಂದು ಗೆರೆ ಎದ್ದು ನಿಲ್ಲುತ್ತದೆ. ಪೀಕ್ ಎನ್ನುತ್ತಾರೆ. ಪೀಕ್ ಇದ್ದರೆ ಅಣು ಇದೆ, ಇಲ್ಲದಿದ್ದರೆ ಇಲ್ಲ. ಎಲ್ಲದರ ಹದ ಇರುವುದು ಕೊನೆಯ ತೊಳೆತದಲ್ಲಿ. ಕಡಿಮೆ ತೊಳೆದರೆ ಕಸ ಉಳಿಯುತ್ತದೆ, ಹೆಚ್ಚು ತೊಳೆದರೆ ಹಿಡಿದದ್ದೂ ಕೊಚ್ಚಿಹೋಗುತ್ತದೆ. ತಂಗಿಯ ಕೈಗೆ ಆ ಹದ ಸಿಕ್ಕಿತ್ತು. ಅವಳಿಗೆ ಅದರ ಜಂಬವೂ ಇತ್ತು, ಯಾಕಿರಬಾರದು?

ಅವರು ಹುಡುಕುತ್ತಿದ್ದುದು ಮೇದೋಜೀರಕ ಗ್ರಂಥಿಯ ಕ್ಯಾನ್ಸರಿನ ಗುರುತಾದ ಒಂದು ಅಣುವನ್ನು. ಹೊಟ್ಟೆಯ ಹಿಂದೆ ಅಡಗಿ ಕುಳಿತಿರುವ ಆ ಗ್ರಂಥಿಯಲ್ಲಿ ರೋಗ ಬಂದರೆ ಗೊತ್ತಾಗುವ ಹೊತ್ತಿಗೆ ಕೈಮೀರಿರುತ್ತದೆ. ಮೊದಲೇ ಗೊತ್ತಾದರೆ ಕೊಯ್ದು ತೆಗೆದು ಬದುಕಿಸಬಹುದು. ಒಂದು ಹನಿ ರಕ್ತದಲ್ಲಿ ಅದನ್ನು ಕಂಡುಹಿಡಿಯುವ ತಟ್ಟೆ ಮಾಡಬೇಕೆಂಬುದು ಪ್ರಯೋಗಾಲಯದ ಮುಖ್ಯಸ್ಥೆಯ ಹಟ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಕೆಟ್ಟವರೇನಲ್ಲ. ಕೆಲಸ ಬಿಟ್ಟು ಇನ್ನೊಂದು ಲೋಕವಿದೆ ಎಂಬುದು ಅವರಿಗೆ ನೆನಪಿರುತ್ತಿರಲಿಲ್ಲ, ಅಷ್ಟೆ.

ರೋಗಿಗಳ ರಕ್ತ ಆಸ್ಪತ್ರೆಯಿಂದ ಬರುತ್ತಿತ್ತು. ಹೋಲಿಸಿ ನೋಡಲು ಆರೋಗ್ಯವಂತರ ರಕ್ತವೂ ಬೇಕು. ಆರೋಗ್ಯವಂತರು ಎಲ್ಲಿ ಸಿಗುತ್ತಾರೆ? ಆಸ್ಪತ್ರೆಯ ಮೆಟ್ಟಿಲು ಹತ್ತಿದವರೆಲ್ಲ ಏನಾದರೊಂದು ಹೊತ್ತುಕೊಂಡೇ ಬಂದವರು. ಅದಕ್ಕೇ ಮೇಡಂ "ನಿಮ್ಮ ನಿಮ್ಮ ಮನೆಯವರನ್ನ ಕರ್ಕೊಂಡು ಬನ್ನಿ" ಎಂದರು. ಕರೆಯುವುದನ್ನೇ ಕಾಯುತ್ತಿದ್ದವನಂತೆ ಅಣ್ಣ ಬಂದು ತೋಳು ಚಾಚಿದ. ಸಹಿ ಹಾಕುವಾಗ ಕಾಗದ ಓದಿ ಕೇಳಿದ:

"ಇದೇನೇ, ಫಲಿತಾಂಶ ತಿಳಿಸೋದಿಲ್ಲ ಅಂತ ಬರ್ದಿದೆ?"

"ಪರೀಕ್ಷೆ ಇನ್ನೂ ಪಕ್ಕಾ ಆಗಿಲ್ಲ ಅಣ್ಣಾ. ಅದಕ್ಕೆ ಯಾರಿಗೂ ಹೇಳಲ್ಲ."

"ಅಂದ್ರೆ ಪರೀಕ್ಷೆಗೆ ಕೂರಬೇಕು, ಮಾರ್ಕ್ಸ್ ಕೇಳಬಾರದು. ಚೆನ್ನಾಗಿದೆ ನಿಮ್ಮ ಸ್ಕೂಲು!"

ಅವನು ಹತ್ತಿ ಒತ್ತಿಕೊಂಡು ನಗುತ್ತಾ ಡಿಪೋಗೆ ಹೋದ. ಟ್ಯೂಬಿನ ಮೇಲೆ ಹೆಸರಿರುವುದಿಲ್ಲ, ಬರೀ ನಂಬರು. ಆ ನಂಬರನ್ನು ಅಂಟಿಸಿದವಳು ತಂಗಿಯೇ ಆದ್ದರಿಂದ ಅದು ಯಾರದೆಂದು ಅವಳೊಬ್ಬಳಿಗೆ ಗೊತ್ತಿತ್ತು. ತಟ್ಟೆಯ ಮೇಲಿನ ಸಾಲುಗಳು ರೋಗಿಗಳಿಗೆ, ಕೆಳಗಿನದೊಂದು ಆರೋಗ್ಯವಂತರಿಗೆ ಎಂದು ಅವಳು ಭಾಗ ಮಾಡಿದ್ದಳು. ಅಣ್ಣನ ಹನಿ ಕೆಳಗಿನ ಸಾಲಿನ ನಡುಮಧ್ಯದಲ್ಲಿ ಬಿತ್ತು.

ಮಷೀನು ನೋಡಿಕೊಳ್ಳುತ್ತಿದ್ದ ಸಹೋದ್ಯೋಗಿಗೆ ಎಲ್ಲರೂ ಲೇಸರ್ ಎಂದೇ ಅಡ್ಡಹೆಸರಿಟ್ಟಿದ್ದರು. ರೋಗಿಗಳ ಸಾಲುಗಳಲ್ಲಿ ಪೀಕ್‌ಗಳು ಒಂದರ ಹಿಂದೊಂದು ತಲೆಯೆತ್ತಿದಾಗ ಅವನು ಶಿಳ್ಳೆ ಹಾಕಿದ. ಆರೋಗ್ಯವಂತರ ಸಾಲು ಶುರುವಾಯಿತು. ಪರದೆ ಸಪಾಟು, ಮತ್ತೆ ಸಪಾಟು, ಮತ್ತೆ ಸಪಾಟು. ನಡುವಿನ ಚುಕ್ಕೆಗೆ ಬಂದಾಗ ಒಂದು ಗೆರೆ ಎದ್ದಿತು. ದೊಡ್ಡದಲ್ಲ. ರೋಗಿಗಳ ಪೀಕ್‌ಗಳ ಮುಂದೆ ಮರಿ. ಆದರೆ ಅದೇ ಜಾಗದಲ್ಲಿ, ಅದೇ ತೂಕದಲ್ಲಿ ನಿಂತಿತ್ತು.

ಅದು ಅಣ್ಣನ ಚುಕ್ಕೆ ಎಂದು ತಂಗಿಗೆ ಗೊತ್ತಿತ್ತು.

"ಇನ್ನೊಂದ್ಸಲ ಮಾಡಿ," ಎಂದಳು. ಲೇಸರ್ ಮಾಡಿದ. ಗೆರೆ ಎದ್ದಿತು. ಹೊಸ ತಟ್ಟೆ ಹೂಡಿ, ಹೊಸ ಹನಿ ಹಾಕಿ, ಅದೇ ಹದದಲ್ಲಿ ತೊಳೆದು ತಂದಳು. ಮತ್ತೆ ಎದ್ದಿತು.

ಮೇಡಂ ಬಂದು ನಿಂತು ನೋಡಿದರು. "ಇದು ಯಾರ ಸಾಲು?"

"ಆರೋಗ್ಯವಂತರದು."

"ಹಾಗಾದ್ರೆ ತಟ್ಟೆ ಸರಿಯಿಲ್ಲ. ಖಾಲಿ ಜಾಗ ಸರಿಯಾಗಿ ತುಂಬಿಲ್ಲ, ಏನೋ ಅಂಟ್ಕೊಂಡಿದೆ. ತೊಳೆಯೋ ನೀರಿಗೆ ಉಪ್ಪು ಜಾಸ್ತಿ ಮಾಡಿ, ಸೋಪು ಜಾಸ್ತಿ ಮಾಡಿ."

"ಮೇಡಂ, ಪಕ್ಕದ ಚುಕ್ಕೆಗಳೆಲ್ಲ ಸಪಾಟಾಗಿವೆ. ತಟ್ಟೆ ಕೆಟ್ಟಿದ್ರೆ ಅವುಗಳಲ್ಲೂ ಬರಬೇಕಿತ್ತು."

"ಆರೋಗ್ಯವಂತರಲ್ಲಿ ಪೀಕ್ ಬರಬಾರದು. ಬಂದ್ರೆ ಅದು ತಟ್ಟೆಯ ದೋಷ, ಮನುಷ್ಯರದಲ್ಲ," ಎಂದರು ಮೇಡಂ. "ಎಲ್ಲಾ ಕಡೆ ಕೆಲಸ ಮಾಡೋದೇ ಹೀಗೆ. ಯಾರ ರಕ್ತದಲ್ಲಿ ಇಲ್ಲ ಅಂತ ನಮಗೆ ಗೊತ್ತೋ, ಅವರಲ್ಲಿ ಸಪಾಟಾಗೋವರೆಗೂ ತೊಳೀಬೇಕು. ಆಗ ತಾನೇ ತಟ್ಟೆ ಹದಕ್ಕೆ ಬಂತು ಅಂತ ಲೆಕ್ಕ?"

ಮಾತು ತಪ್ಪೇನಲ್ಲ. ತಂಗಿಯೂ ತನ್ನ ಕೆಳಗಿನವರಿಗೆ ಇದೇ ಪಾಠ ಹೇಳಿಕೊಟ್ಟವಳು. ಯಾರ ರಕ್ತದಲ್ಲಿ ಇಲ್ಲ ಎಂದು ನಮಗೆ ಹೇಗೆ ಗೊತ್ತು ಎಂದು ಮಾತ್ರ ಯಾರೂ ಕೇಳಿಕೊಳ್ಳುವುದಿಲ್ಲ. ಆರೋಗ್ಯವಂತ ಅಂದರೆ ಯಾರು? ತಾನು ಚೆನ್ನಾಗಿದ್ದೇನೆ ಎಂದು ಹೇಳಿ ಸಹಿ ಹಾಕಿದವನು. ಅದಕ್ಕಿಂತ ಹೆಚ್ಚಿನ ಪುರಾವೆ ಯಾರ ಹತ್ತಿರವೂ ಇರಲಿಲ್ಲ.

ಮೇಡಂ ಹೋದ ಮೇಲೆ ಲೇಸರ್ ಮೆಲ್ಲಗೆ ಹೇಳಿದ, "ಕಸ ಅಂಟಿಕೊಂಡಿದ್ರೆ ಅಕ್ಕಪಕ್ಕ ಎಲ್ಲೆಲ್ಲೋ ಗೆರೆ ಬರೋದು. ಇದು ಕರೆಕ್ಟಾಗಿ ಅದೇ ಜಾಗದಲ್ಲಿ ಬಂದು ಕೂತಿದೆ. ಯಾರದು ಅಂತ ನಿಮಗೆ ಗೊತ್ತಿದ್ರೆ, ಒಂದು ಮಾತು ಹೇಳಿನೋಡಿ. ಒಂದು ಸ್ಕ್ಯಾನ್ ಮಾಡಿಸ್ಲಿ."

ಅವಳು ಫೋನು ಹಿಡಿದು ಮೆಟ್ಟಿಲ ಹತ್ತಿರ ಹೋದಳು. ಹೇಳಬೇಕೆಂದೇ ಹೋದಳು, ಅದರಲ್ಲಿ ಸಂಶಯವಿಲ್ಲ. ಆದರೆ ಅಲ್ಲಿ ನಿಂತಾಗ ಅವಳಿಗೆ ಅತ್ತಿಗೆಯ ಮುಖ ಕಣ್ಣಮುಂದೆ ಬಂತು. ಹಿಂದೊಮ್ಮೆ ಅತ್ತಿಗೆಯ ಕುತ್ತಿಗೆಯ ಮೇಲಿನ ಮಚ್ಚೆ ನೋಡಿ ಇವಳೇ "ಇದು ಯಾಕೋ ಸರಿ ಕಾಣ್ತಿಲ್ಲ" ಎಂದು ಬಾಯಿ ಬಿಟ್ಟಿದ್ದಳು. ಮನೆಯವರೆಲ್ಲ ಗಾಬರಿಬಿದ್ದು ಆಸ್ಪತ್ರೆಯಿಂದ ಆಸ್ಪತ್ರೆಗೆ ಅಲೆದರು. ಅತ್ತಿಗೆ ಊಟ ಬಿಟ್ಟಳು, ಮಕ್ಕಳ ಮುಖ ನೋಡಿ ನೋಡಿ ಅತ್ತಳು. ಕೊನೆಗೆ ಅದು ಬರೀ ಮಚ್ಚೆ ಎಂದು ಗೊತ್ತಾಯಿತು. ಅಂದಿನಿಂದ ತಂಗಿಗೆ ಮನೆಯಲ್ಲಿ 'ಅರ್ಧ ಡಾಕ್ಟರು' ಎಂದು ಹೆಸರು ಬಿತ್ತು. ಅಣ್ಣ ಅದನ್ನು ನಗುತ್ತ ಕರೆದರೆ ಅತ್ತಿಗೆ ನಗದೆ ಕರೆಯುತ್ತಿದ್ದಳು.

ಅತ್ತ ಕಡೆ ಅಣ್ಣ ಫೋನೆತ್ತಿದ. ಹಿಂದೆ ಯಾವುದೋ ಬಸ್ಸಿನ ಎಂಜಿನ್ನು ಗುಡುಗುತ್ತಿತ್ತು.

"ಏನಮ್ಮಾ ಅರ್ಧ ಡಾಕ್ಟ್ರೇ, ನನ್ನ ರಕ್ತ ಪಾಸಾಯ್ತಾ?"

ತಟ್ಟೆಯ ದೋಷವೇ ಇರಬಹುದಲ್ಲ. ಮೇಡಂಗಿಂತ ತನಗೆ ಹೆಚ್ಚು ಗೊತ್ತೇ? ಯಾವುದಕ್ಕೂ ಒಮ್ಮೆ ಉಪ್ಪು ಹೆಚ್ಚು ಮಾಡಿ ನೋಡಿಯೇ ಹೇಳಿದರಾಯಿತು.

"ಪಾಸು," ಎಂದಳು.

"ಫಸ್ಟ್ ಕ್ಲಾಸಾ?"

"ಫಸ್ಟ್ ಕ್ಲಾಸು."

"ಏಯ್, ಕೇಳ್ರೋ," ಎಂದು ಅವನು ಡಿಪೋದವರಿಗೆ ಕೂಗಿ ಹೇಳುವುದು ಅವಳಿಗೆ ಕೇಳಿಸಿತು.

ಅವಳು ಒಳಗೆ ಹೋಗಿ ತೊಳೆಯುವ ದ್ರಾವಣಕ್ಕೆ ಉಪ್ಪು ಹೆಚ್ಚಿಸಿದಳು. ಗೆರೆ ಗಿಡ್ಡವಾಯಿತು. ಸೋಪು ಹೆಚ್ಚಿಸಿದಳು, ಇನ್ನೂ ಗಿಡ್ಡವಾಯಿತು. ಮತ್ತೊಂದು ಸಲ ತೊಳೆದಳು. ಗೆರೆ ಮಾಯವಾಯಿತು. ರೋಗಿಗಳ ಪೀಕ್‌ಗಳೂ ತಗ್ಗಿದವು, ಆದರೆ ಅವು ಎತ್ತರದವು, ಒಂದಿಷ್ಟು ಹೋದರೂ ನಿಂತವು. ಈಗ ತಟ್ಟೆ ನೋಡಿದರೆ ಕಣ್ಣಿಗೆ ಹಬ್ಬ. ಮೇಲಿನ ಸಾಲುಗಳೆಲ್ಲ ಎದ್ದು ನಿಂತಿವೆ, ಕೆಳಗಿನ ಸಾಲು ನೆಲಕ್ಕೆ ಅಂಟಿ ಮಲಗಿದೆ.

ಮೇಡಂ ಎಲ್ಲರೆದುರು ಕೇಳಿದರು, "ಹಾಗಾದ್ರೆ ಮುಂಚಿನ ತಟ್ಟೇಲಿ ದೋಷ ಇತ್ತು, ಅಲ್ವಾ?"

ಮನೆಯಲ್ಲಾಗಲಿ ಪ್ರಯೋಗಾಲಯದಲ್ಲಾಗಲಿ ತನ್ನದು ತಪ್ಪೆಂದು ಒಪ್ಪಿಕೊಂಡ ಚರಿತ್ರೆಯೇ ಇಲ್ಲದ ತಂಗಿ ಅಂದು ಮೊದಲ ಬಾರಿಗೆ ಒಪ್ಪಿಕೊಂಡಳು. "ಹೌದು ಮೇಡಂ. ನಾನೇ ಸರಿಯಾಗಿ ತೊಳೆದಿರಲಿಲ್ಲ." ಮಾಡದ ತಪ್ಪನ್ನು ಒಪ್ಪಿಕೊಳ್ಳುವುದು ಇಷ್ಟು ಸುಲಭವೆಂದು ಅವಳಿಗೆ ಗೊತ್ತಿರಲಿಲ್ಲ. ಒಪ್ಪಿಕೊಂಡೊಡನೆ ಎದೆ ಹಗುರಾಯಿತು. ಎಂಥ ಹಗುರ! ತಟ್ಟೆ ತಪ್ಪಾದರೆ ಅಣ್ಣ ಸರಿ. ಲೇಸರ್ ಅವಳ ಮುಖ ನೋಡಿ ಮಷೀನಿನ ಕಡೆಗೆ ತಿರುಗಿದ.

ತಟ್ಟೆಯ ಬಗ್ಗೆ ಸಂಶೋಧನಾ ಲೇಖನ ಪ್ರಕಟವಾಯಿತು. ಅವಳ ಹೆಸರು ಎಲ್ಲರಿಗಿಂತ ಮೊದಲು ಬಂತು. ಅಣ್ಣ ಒಂದು ಪ್ರತಿ ಇಸಿದುಕೊಂಡು ಹೋಗಿ ಡಿಪೋದ ಟೀ ಮೇಜಿನ ಮೇಲೆ ಹರಡಿ, ಅರ್ಥವಾಗದ ಚಿತ್ರಗಳ ಮೇಲೆ ಬೆರಳಾಡಿಸಿ ತೋರಿಸಿದನಂತೆ. "ಈ ಸಪಾಟು ಗೆರೆ ಇದ್ಯಲ್ಲ, ಇದು ನಾನು. ಆರೋಗ್ಯ ಅಂದ್ರೆ ಹೇಗಿರ್ಬೇಕು ಅಂತ ಲೋಕಕ್ಕೆ ನನ್ನನ್ನ ತೋರಿಸ್ತಿದ್ದಾರೆ." ಈ ಕತೆ ಕೇಳಿ ತಂಗಿ ನಕ್ಕಳು. ನಗು ಬಂತು, ಅದಕ್ಕೇನು ಮಾಡುವುದು.

ಮರುವರ್ಷ ಅವಳು ಅಣ್ಣನ ಮನೆಗೆ ಹೋಗುವುದು ಕಡಿಮೆಯಾಯಿತು. ಕೆಲಸ ಜಾಸ್ತಿ ಎನ್ನುತ್ತಿದ್ದಳು, ಜಾಸ್ತಿಯೂ ಇತ್ತು. ಒಂದು ಸಲ ಹೋದಾಗ ಅಣ್ಣನ ಅಂಗಿ ಭುಜದಲ್ಲಿ ಜೋತುಬಿದ್ದಿತ್ತು. "ಸಣ್ಣ ಆಗಿದ್ದೀಯ," ಎಂದಳು. "ನಿಮ್ಮ ಅತ್ತಿಗೆ ಅಡುಗೆ ಮಹಿಮೆ," ಎಂದ ಅವನು. ಅತ್ತಿಗೆ ಎಂದಿನ ಹಾಗೆ ಎದ್ದು ಹೋಗಲಿಲ್ಲ, ಅಲ್ಲೇ ನಿಂತು ಏನೋ ಹೇಳಲು ಬಾಯಿ ತೆರೆದಳು. ಅಣ್ಣ ಅವಳತ್ತ ಒಂದು ನೋಟ ಬೀರಿದ, ಅವಳು ಸುಮ್ಮನಾದಳು. ತಂಗಿ ಅದನ್ನು ನೋಡಿದಳು, ಗಂಡಹೆಂಡತಿಯ ಜಗಳವಿರಬೇಕು ಎಂದುಕೊಂಡು ಟೀ ಕುಡಿದು ಎದ್ದು ಬಂದಳು.

ಅವನ ಕಣ್ಣು ಹಳದಿಯಾದ ಮೇಲೆ ಡಿಪೋದವರೇ ಅವನನ್ನು ಎತ್ತಿ ಕೂರಿಸಿಕೊಂಡು ಆಸ್ಪತ್ರೆಗೆ ಕರೆದೊಯ್ದರು. ಸ್ಕ್ಯಾನ್ ಆಯಿತು. ಗಡ್ಡೆ ಮೇದೋಜೀರಕದಿಂದ ಹೊರಟು ಪಿತ್ತಕೋಶದ ಕಡೆಗೂ ರಕ್ತನಾಳದ ಕಡೆಗೂ ಹಬ್ಬಿತ್ತು. ಕೊಯ್ದು ತೆಗೆಯುವ ಕಾಲ ದಾಟಿದೆ ಎಂದರು ಡಾಕ್ಟರು. ಹೋದ ವರ್ಷ ಬಂದಿದ್ದರೆ ಬೇರೆ ಮಾತು ಎಂದೂ ಸೇರಿಸಿದರು. ಅವರು ಎಲ್ಲರಿಗೂ ಹೇಳುವ ಮಾತು ಅದು. ತಂಗಿಯ ಕಿವಿಗೆ ಮಾತ್ರ ತನಗೆಂದೇ ಹೇಳಿದ ಹಾಗೆ ಬಿತ್ತು.

ರಜೆ ಕೇಳಲು ಹೋದಾಗ ಮೇಡಂಗೆ ವಿಷಯ ಹೇಳಲೇಬೇಕಾಯಿತು. ಅವರು ಕುರ್ಚಿಯಿಂದೆದ್ದು ಬಂದು ಅವಳ ಭುಜದ ಮೇಲೆ ಕೈಯಿಟ್ಟರು. ನಿಜವಾಗಿಯೂ ನೊಂದುಕೊಂಡರು. ಆಮೇಲೆ ಅವರ ಕಣ್ಣು ಅವಳ ಮುಖದಿಂದ ಸರಿದು ಫ್ರೀಜರಿನ ಕಡೆಗೆ ಹೋಯಿತು.

"ಅವರು ನಮ್ಮ ಆರೋಗ್ಯವಂತರ ಸಾಲಿನಲ್ಲಿದ್ರಲ್ವಾ? ಅವರ ಹಳೇ ಟ್ಯೂಬು ಇನ್ನೂ ಇದೆ. ಈಗಿನ ರಕ್ತವೂ ಸಿಕ್ಕಿದ್ರೆ... ರೋಗಕ್ಕೆ ಮುಂಚಿನದು, ಆಮೇಲಿನದು, ಎರಡೂ ಒಬ್ಬರದೇ. ಇಂಥದ್ದು ಯಾರ ಹತ್ರನೂ ಇರಲ್ಲ." ಸ್ವಲ್ಪ ತಡೆದು, "ನಿಮಗೆ ಕಷ್ಟ ಆದ್ರೆ ಬೇಡ," ಎಂದರು.

ತಂಗಿಗೆ ಅವರ ಕೆನ್ನೆಗೆ ಬಾರಿಸಬೇಕೆನಿಸಿತು. ಬಾರಿಸಲಿಲ್ಲ. ಅವಳಿಗೂ ಆ ಹಳೆಯ ಟ್ಯೂಬಿನ ಮೇಲೇ ಕಣ್ಣಿತ್ತು, ಕಾರಣ ಬೇರೆ. ಅಣ್ಣನನ್ನು ಕೇಳಿದಳು. "ತಗೋ ತಗೋ, ರಕ್ತ ತಾನೇ," ಎಂದು ಅವನು ಮತ್ತೆ ತೋಳು ಚಾಚಿದ. ಈ ಸಲ ನರ ಸಿಕ್ಕುವುದೇ ಕಷ್ಟವಾಯಿತು.

ಹೊಸ ತಟ್ಟೆ ತೆಗೆದಳು. ಚಿನ್ನದ ಚುಕ್ಕೆಗಳನ್ನು ಉಜ್ಜಿ ತೊಳೆದು ಒಣಗಿಸಿದಳು. ಪ್ರತಿಕಾಯ ಕೂರಿಸಿದಳು, ಖಾಲಿ ಜಾಗ ತುಂಬಿದಳು, ಒದ್ದೆ ಕಾಗದ ಹಾಸಿದ ಡಬ್ಬಿಯಲ್ಲಿಟ್ಟು ಕಾದಳು. ಹಳೆಯ ಟ್ಯೂಬಿನದೊಂದು ಹನಿ, ಹೊಸದರದೊಂದು ಹನಿ. ಪಕ್ಕದ ಚುಕ್ಕೆಗಳಿಗೆ ಬೇರೆ ಆರೋಗ್ಯವಂತರದು. ಕೊನೆಯ ತೊಳೆತಕ್ಕೆ ಲೇಖನದಲ್ಲಿ ಬರೆದ, ಉಪ್ಪು ಸೋಪು ಹೆಚ್ಚಿದ ಖಾರದ ದ್ರಾವಣ ಮುಟ್ಟಲಿಲ್ಲ. ಮೊದಲು ತಾನೇ ಕಂಡುಕೊಂಡಿದ್ದ ಮೆದುವಾದ ಹದದಲ್ಲಿ, ಮಗುವಿನ ಮುಖ ತೊಳೆದ ಹಾಗೆ ತೊಳೆದಳು. ತಪ್ಪು ತಟ್ಟೆಯದೇ ಆಗಿರಲಿ, ಏನೂ ಕಾಣದಿರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡಳು. ಇಷ್ಟು ವರ್ಷ ತನ್ನ ಕೈ ಸರಿಯಿರಲಿ ಎಂದು ಬಯಸಿದವಳು ಅಂದು ಅದು ಕೆಟ್ಟ ಕೈಯಾಗಿರಲಿ ಎಂದು ಬಯಸಿದಳು.

ಹೊಸ ರಕ್ತದಲ್ಲಿ ಪೀಕ್ ಪರದೆಯ ನೆತ್ತಿ ಮುಟ್ಟಿತು. ಹಳೆಯದರಲ್ಲಿ ಅದೇ ಮರಿ ಗೆರೆ ಅದೇ ಜಾಗದಲ್ಲಿ ನಿಂತಿತ್ತು. ಪಕ್ಕದವೆಲ್ಲ ಸಪಾಟು.

"ನೋಡಿದ್ರಾ! ಮೊದಲೇ ಹಿಡಿದಿತ್ತು!" ಮೇಡಂ ಕೈ ತಟ್ಟಿದರು. "ನಿಮ್ಮ ಮೊದಲಿನ ಹದವೇ ಸರಿ. ಲಕ್ಷಣ ಕಾಣೋಕೆ ಮುಂಚೇನೇ ಹಿಡಿಯೋ ತಟ್ಟೆ ಇದು, ನಾವು ಹುಡುಕ್ತಾ ಇದ್ದದ್ದೇ ಇದನ್ನ. ನಿಮ್ಮ ಕೈ ಯಾವತ್ತೂ ತಪ್ಪಲ್ಲ ಕಣ್ರೀ." ಅವರು ಆಗಲೇ ಮುಂದಿನ ಲೇಖನದ ಶೀರ್ಷಿಕೆ ಯೋಚಿಸತೊಡಗಿದ್ದರು. ಲೇಸರ್ ಎದ್ದು ಕಿಟಕಿಯ ಹತ್ತಿರ ಹೋಗಿ ನಿಂತ. ತಂಗಿ ಕೈಗವಸು ಕಳಚಿ ಬುಟ್ಟಿಗೆಸೆದು ಆಸ್ಪತ್ರೆಗೆ ಹೊರಟಳು.

ಅತ್ತಿಗೆ ಔಷಧಿ ತರಲು ಕೆಳಗೆ ಹೋಗಿದ್ದಳು. ಅಣ್ಣ ದಿಂಬಿಗೊರಗಿ ಕೂತಿದ್ದ.

"ಬಾ. ಏನಂತೆ ನಿನ್ನ ತಟ್ಟೆ? ಹೋದ ಸಲ ಫಸ್ಟ್ ಕ್ಲಾಸು, ಈ ಸಲ ಡುಮ್ಕಿ, ಅಲ್ವಾ?"

ಸುಳ್ಳು ಹೇಳುವ ದಾರಿ ಎದುರಿಗೇ ತೆರೆದಿತ್ತು. ಬರೀ ಹೂಂ ಎಂದಿದ್ದರೆ ಸಾಕಿತ್ತು.

"ಹೋದ ಸಲಾನೂ ಇತ್ತು, ಅಣ್ಣಾ."

"ಏನಿತ್ತು?"

"ಇದೇ. ಸ್ವಲ್ಪ ಇತ್ತು. ನಾನು ತಟ್ಟೆ ಸರಿಯಿಲ್ಲ ಅಂತ ತೊಳೆದುಬಿಟ್ಟೆ. ತಟ್ಟೆ ಸರಿಯಾಗೇ ಇತ್ತು."

ಅವನು ತಮಾಷೆ ಮಾಡಲಿ ಎಂದು ಅವಳು ಕಾದಳು. ಬೈದರೂ ಸರಿ, ಅರ್ಧ ಡಾಕ್ಟರು ಎಂದು ಹಂಗಿಸಿದರೂ ಸರಿ. ಅವನು ಹಾಸಿಗೆಯ ಬಟ್ಟೆಯ ಅಂಚನ್ನು ಹಿಡಿದು ನೋಡುತ್ತ ಕೂತ.

"ನಾನು ಫೋನಲ್ಲಿ ಕೇಳಿದಾಗ ಗೊತ್ತಿತ್ತಾ?"

"ಪೀಕ್ ಬಂದಿದ್ದು ಗೊತ್ತಿತ್ತು."

"ಹೂಂ." ಬಟ್ಟೆಯ ಅಂಚನ್ನು ಕೈಬಿಟ್ಟು ಹೇಳಿದ, "ಬೆನ್ನು ನೋವು ಶುರುವಾದಾಗಿಂದ ನಿಮ್ಮ ಅತ್ತಿಗೆ ಡಾಕ್ಟರ ಹತ್ರ ಹೋಗೋಣ, ಹೋಗೋಣ ಅಂತ ಪ್ರಾಣ ತಿಂತಿದ್ಲು. ನಾನೇ ಬೈದೆ. ನನ್ನ ತಂಗಿ ನೋಡಿ ಏನೂ ಇಲ್ಲ ಅಂದಿದ್ದಾಳೆ, ಅವಳಿಗಿಂತ ನಿನಗೆ ಜಾಸ್ತಿ ಗೊತ್ತಾ ಅಂದೆ. ಒಂದಿನ ಊಟದ ತಟ್ಟೆ ಮುಂದೆ ಕೂತು ಅತ್ಲು. ಆಗಲೂ ಹೋಗ್ಲಿಲ್ಲ."

ತಂಗಿ ಅಳಲಿಲ್ಲ. ಅಳುವುದಕ್ಕೆ ತನಗೆ ಹಕ್ಕಿಲ್ಲ ಎಂದು ಅವಳಿಗೆ ಸ್ಪಷ್ಟವಾಗಿ ಅನ್ನಿಸಿತು.

"ಸುಳ್ಳೋ ನಿಜವೋ, ಹೀಗೊಂದು ಬಂದಿದೆ ಅಂತ ಒಂದು ಮಾತು ಹೇಳಬಾರದಿತ್ತೇನೇ?" ಎಂದ ಅಣ್ಣ. "ನಕ್ಕು ಸುಮ್ಮನಾಗ್ತಿದ್ದೆನೋ ಏನೋ. ಆದ್ರೂ ಹೇಳಬೇಕಿತ್ತು."

ಅಷ್ಟರಲ್ಲಿ ಅತ್ತಿಗೆ ಔಷಧಿಯ ಚೀಲ ಹಿಡಿದು ಬಂದಳು. ಇಬ್ಬರ ಮುಖವನ್ನೂ ನೋಡಿದಳು. "ಏನಾಯ್ತು? ಡಾಕ್ಟರು ಏನಾದ್ರೂ ಹೇಳಿದ್ರಾ?"

"ಏನಿಲ್ಲ," ಎಂದ ಅಣ್ಣ. "ಅವಳ ಕೆಲಸದ ವಿಷಯ."

ಅತ್ತಿಗೆ ತಂಗಿಯ ಪಕ್ಕ ಬಂದು ನಿಂತು ಅವಳ ಕೈ ಹಿಡಿದುಕೊಂಡಳು. ಮಚ್ಚೆಯ ಪ್ರಸಂಗವಾದ ಮೇಲೆ ಅವಳು ಹಾಗೆ ಕೈ ಹಿಡಿದದ್ದೇ ಇಲ್ಲ. "ಈ ಡಾಕ್ಟರುಗಳ ಮಾತು ನನಗೊಂದೂ ತಿಳಿಯಲ್ಲ ಕಣಮ್ಮ. ಇದೆಲ್ಲ ಬಲ್ಲವಳು ನೀನೊಬ್ಳೇ ನಮಗೆ. ನೀನು ಹೇಳು, ಇವರಿಗೆ ವಾಸಿ ಆಗುತ್ತೆ ತಾನೇ?"

ಅಣ್ಣ ತಲೆಯೆತ್ತಿ ತಂಗಿಯ ಮುಖವನ್ನೇ ನೋಡಿದ.

"ಆಗುತ್ತೆ ಅತ್ತಿಗೆ," ಎಂದಳು ಅವಳು.

ಅತ್ತಿಗೆ ಸೆರಗಿನಿಂದ ಕಣ್ಣೊರೆಸಿಕೊಂಡು, ಬೆಳಿಗ್ಗೆಯಿಂದ ಮೊದಲ ಬಾರಿಗೆ ಕುರ್ಚಿಯ ಮೇಲೆ ಕೂತಳು. ಅಣ್ಣ ಗೋಡೆಯ ಕಡೆಗೆ ಹೊರಳಿ ಮಲಗಿದ.